ಸಂಪಿನ ಮೋಟಾರು, ಚಿಕ್ಕಪ್ಪನ ಕಾರು

ನಮ್ಮ ಮನೆಯಲ್ಲಿ ಮೋಟಾರ್ ಎಂದರೆ ಬಹಳ ಕಾಲ ಸಂಪಿನ ಮೋಟಾರು ಮಾತ್ರ. ಜಯನಗರದ ನಮ್ಮ ಬೀದಿಗೆ ದಿನ ಬಿಟ್ಟು ದಿನ ಕಾವೇರಿ ನೀರು ಬರುತ್ತಿತ್ತು. ನೆಲದಡಿಯ ಸಂಪು ತುಂಬಿದ ಮೇಲೆ ಯಾರಾದರೊಬ್ಬರು ಮನೆಯ ಪಕ್ಕದ ಓಣಿಗೆ ಹೋಗಿ ಸ್ವಿಚ್ಚು ಹಾಕಬೇಕು, ತಾರಸಿಯ ಟ್ಯಾಂಕು ತುಂಬುವ ಹೊತ್ತಿಗೆ ನೆನಪಿಟ್ಟುಕೊಂಡು ಆರಿಸಬೇಕು. ನೆನಪಿಟ್ಟುಕೊಳ್ಳುವುದು ನಮ್ಮ ಮನೆತನಕ್ಕೆ ಒಗ್ಗಿದ ಕೆಲಸವಲ್ಲ. ಅಪ್ಪ ಸ್ವಿಚ್ಚು ಹಾಕಿ ಬಂದು ಪೇಪರು ಹಿಡಿದರೆ ಟ್ಯಾಂಕು ತುಂಬಿ, ತಾರಸಿ ತೊಯ್ದು, ಕೊಳವೆಯಲ್ಲಿ ನೀರು ಧೋ ಎಂದು ಇಳಿಯುವವರೆಗೂ ಏಳುತ್ತಿರಲಿಲ್ಲ. ಅಷ್ಟು ಹೊತ್ತಿಗೆ ಅಡುಗೆಮನೆಯಿಂದ ಅಮ್ಮನ ಕೂಗು ಎದ್ದಿರುತ್ತಿತ್ತು.

"ರೀ, ಮೋಟಾರ್! ಕಾವೇರಿ ತಾಯಿ ಚರಂಡಿ ಸೇರ್ತಿದ್ದಾಳೆ, ನಿಮಗೆ ಪೇಪರ್ ಬೇಕಾ ಪೇಪರ್?"

ಆ ಓಣಿಯ ಗೋಡೆಗೆ ಒಂದು ಕಡೆ ಸಂಪಿನ ಮೋಟಾರು, ಇನ್ನೊಂದು ಕಡೆ ಚಿಕ್ಕಪ್ಪನ ಕೋಣೆ. ಚಿಕ್ಕಪ್ಪ ರಾಘು ಅಪ್ಪನ ಒಬ್ಬನೇ ತಮ್ಮ. ವಿಮಾ ಕಚೇರಿಯೊಂದರಲ್ಲಿ ಕೆಲಸ, ಮದುವೆಯ ಮಾತೆತ್ತಿದರೆ ಮಾಯ. ಆ ಗೋಡೆಗೆ ತಾಗಿಸಿ ಹಾಕಿದ್ದ ಮೇಜಿನ ಮೇಲೆ ಅವನ ನಿಜವಾದ ಸಂಸಾರ ಇತ್ತು: ಬ್ಯಾಟರಿಯಿಂದ ಓಡುವ ರೇಡಿಯೋ ಕಾರುಗಳು. ಅಂಗಡಿಯಲ್ಲಿ ಮಕ್ಕಳಿಗೆ ಮಾರುವ ಬೊಂಬೆ ಕಾರುಗಳಲ್ಲ. ಒಂದೊಂದು ತಿರುಪನ್ನೂ ತಾನೇ ಕೂರಿಸಿ ಕಟ್ಟುವ, ನಿಂತಲ್ಲಿಂದ ಚಿಮ್ಮಿ ಮಣ್ಣೆರಚಿಕೊಂಡು ಓಡುವ, ಮೊಳದುದ್ದದ ಗಾಡಿಗಳು. ಭಾನುವಾರ ಬೆಳಿಗ್ಗೆ ಅವನ್ನು ಚೀಲಕ್ಕೆ ತುಂಬಿಕೊಂಡು ಜೆ.ಪಿ. ನಗರದ ಕಡೆ ಯಾವುದೋ ಖಾಲಿ ಸೈಟಿಗೆ ಹೋಗುತ್ತಿದ್ದ. ಮಧ್ಯಾಹ್ನ ಕೆಂಪು ಧೂಳು ಮೆತ್ತಿಕೊಂಡು ಬಂದು, ಕಾಲು ತೊಳೆಯದೆ ಒಳಗೆ ಬಂದದ್ದಕ್ಕೆ ಅಜ್ಜಿಯಿಂದ ಬೈಸಿಕೊಂಡು, ಎರಡು ಸಲ ಹುಳಿಯನ್ನ ಉಣ್ಣುತ್ತಿದ್ದ.

"ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ ಅಂತಾರಲ್ಲ, ಇವನನ್ನ ನೋಡೇ ಹೇಳಿರ್ಬೇಕು," ಎಂದು ಅಜ್ಜಿ ತುಪ್ಪ ಬಡಿಸುತ್ತಾ ಹೇಳುತ್ತಿದ್ದಳು. ಬೈಗುಳ ಜಾಸ್ತಿಯಾದಷ್ಟೂ ತುಪ್ಪ ಜಾಸ್ತಿ.

ಆ ಮೇಜಿನ ಹತ್ತಿರ ನಿಲ್ಲುವ ಹಕ್ಕು ಮನೆಯಲ್ಲಿ ನನಗೊಬ್ಬಳಿಗೇ ಇತ್ತು. ಬಾಟಲಿ ಮುಚ್ಚಳದಲ್ಲಿ ತಿರುಪುಗಳನ್ನು ಹಿಡಿದುಕೊಂಡು ನಿಲ್ಲುವುದು ನನ್ನ ಉದ್ಯೋಗ. ಕೈ ಅಲ್ಲಾಡಿಸಿ ಚೆಲ್ಲಿದರೆ ಚಿಕ್ಕಪ್ಪ ಏನೂ ಅನ್ನುತ್ತಿರಲಿಲ್ಲ, ನನ್ನ ಜೊತೆಗೇ ಮೇಜಿನ ಕೆಳಗೆ ತೂರಿಕೊಂಡು ಹುಡುಕುತ್ತಿದ್ದ. ಸೀಸ ಕರಗಿಸಿ ತಂತಿ ಬೆಸೆಯುವಾಗ ಏಳುವ ಹೊಗೆಗೆ ಸುಟ್ಟ ಧೂಪದ ವಾಸನೆ ಇರುತ್ತಿತ್ತು. ಓದುಬರಹಕ್ಕಿಂತ ಮುಂಚೆ ಆ ಕೋಣೆಯಲ್ಲಿ ನಾನು ಬಾಯಿಪಾಠ ಮಾಡಿದ್ದು ಒಂದು ನಿಯಮ. ಎರಡಕ್ಕೂ ಬೇರೆ ಬೇರೆ ಗುಂಡಿ ಇರುತ್ತದೆ, ದೂರದಿಂದ ಕಾರನ್ನು ನಡೆಸಲು ಕೈಯಲ್ಲಿ ಹಿಡಿಯುವ ಟ್ರಾನ್ಸ್‌ಮಿಟರಿಗೊಂದು, ಕಾರಿಗೊಂದು. ಚಿಕ್ಕಪ್ಪ ಮೇಷ್ಟ್ರ ಗತ್ತಿನಲ್ಲಿ ಕೇಳುತ್ತಿದ್ದ.

"ವಿನು, ಮೊದ್ಲು ಯಾವ್ದು ಆನ್ ಮಾಡ್ಬೇಕು?"

"ಕೈಯಲ್ಲಿರೋದು. ಆಮೇಲೆ ಗಾಡಿ."

"ಆಟ ಮುಗಿದ್ಮೇಲೆ?"

"ಮೊದ್ಲು ಗಾಡಿ ಆಫ್. ಕೈಯಲ್ಲಿರೋದು ಕೊನೇಲಿ."

"ಯಾಕೆ?"

"ಹೇಳೋರು ಇಲ್ದೇ ಹೋದ್ರೆ ಗಾಡಿ ತನಗೆ ತೋಚಿದ ಕಡೆ ಓಡೋಗುತ್ತೆ."

"ಸಖತ್! ಪಾಸು."

ಆ ವರ್ಷ ಅವನು ಹೊರದೇಶಕ್ಕೆ ಹೋಗಿ ಬಂದ ಸ್ನೇಹಿತನ ಕೈಯಲ್ಲಿ ಹೊಸ ಕಾರೊಂದನ್ನು ಬಿಡಿಬಿಡಿಯಾಗಿ ತರಿಸಿದ್ದ. ಅದರ ಮೇಲ್ಕವಚ ಗಾಜಿನಷ್ಟು ತಿಳಿಯಾದ ಪ್ಲಾಸ್ಟಿಕ್ಕು. ಬಣ್ಣವನ್ನು ಒಳಗಿನಿಂದ ಹಚ್ಚಬೇಕು, ಆಗ ಎಷ್ಟು ಪಲ್ಟಿ ಹೊಡೆದರೂ ಬಣ್ಣ ಕೀಳುವುದಿಲ್ಲ ಎಂದು ಹೇಳಿದ್ದ. ಯಾವ ಬಣ್ಣ ಎಂದು ನಾವಿಬ್ಬರೂ ಜಗಳವಾಡುತ್ತಿದ್ದೆವು. ಅವನಿಗೆ ನೀಲಿ, ನನಗೆ ಹಳದಿ. ಜಗಳ ತೀರ್ಮಾನವಾಗುವ ಮೊದಲೇ, ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ಅವನಿಗೆ ಜ್ವರ ಬಂತು. ಎಲ್ಲರಿಗೂ ಬರುವಂಥ ಜ್ವರ. ಅಜ್ಜಿ ಮೆಣಸಿನ ಸಾರು ಮಾಡಿಕೊಟ್ಟಳು, ಅಮ್ಮ ಒದ್ದೆ ಬಟ್ಟೆ ಹಾಕಿದಳು, ಆಮೇಲೆ ಆಸ್ಪತ್ರೆ, ಆಮೇಲೆ ಅವನು ಮನೆಗೆ ನಡೆದುಕೊಂಡು ಬರಲಿಲ್ಲ. ಇದನ್ನು ಇನ್ನೂ ಉದ್ದ ಮಾಡಿ ಹೇಳಲು ನನಗೆ ಇಂದಿಗೂ ಆಗುವುದಿಲ್ಲ.

ಹತ್ತನೆಯ ದಿನದ ಕರ್ಮ ಬನಶಂಕರಿ ಕಡೆಯ ಒಂದು ಕಟ್ಟಡದಲ್ಲಿ ನಡೆಯಿತು. ಮಾಡಿದವನು ಅಪ್ಪ. ತಾರಸಿಯ ಮೋಟುಗೋಡೆಯ ಮೇಲೆ ಎಲೆ ಹಾಕಿ ಪಿಂಡವಿಟ್ಟು ನಾವೆಲ್ಲ ದೂರ ನಿಂತೆವು. ಕಾಗೆ ಬಂದು ಮುಟ್ಟಿದರೆ ಹೋದವರಿಗೆ ತೃಪ್ತಿ. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ ಎಂದು ಅರ್ಥ. ಕಾಗೆಗಳು ಬಂದವು. ನೀರಿನ ಟ್ಯಾಂಕಿನ ಮೇಲೆ ಸಾಲಾಗಿ ಕೂತವು. ಕತ್ತು ಕೊಂಕಿಸಿ ನೋಡಿದವು. ಒಂದೂ ಇಳಿಯಲಿಲ್ಲ. ಬಿಸಿಲು ಏರಿ ಕಾಲು ಸುಡತೊಡಗಿತು. ಪುರೋಹಿತರು ಅಪ್ಪನ ಕಡೆ ತಿರುಗಿದರು.

"ಏನೋ ಮನಸ್ಸಲ್ಲಿ ಇಟ್ಕೊಂಡಿದ್ದಾರೆ. ಒಬ್ಬೊಬ್ಬರೇ ಮಾತು ಕೊಡಿ. ಸಂಕೋಚ ಬೇಡ, ಬಾಯ್ಬಿಟ್ಟು ಹೇಳಿ."

"ಅಮ್ಮನ್ನ ನಾನು ನೋಡ್ಕೋತೀನಿ ಕಣೋ ರಾಘು," ಎಂದ ಅಪ್ಪ. ಅಪ್ಪನ ಗಂಟಲು ಒಡೆದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಕಾಗೆ ಅಲ್ಲಾಡಲಿಲ್ಲ.

"ನಿಮ್ಮ ರೂಮ್ ಹಂಗೇ ಇಟ್ಟಿರ್ತೀನಿ, ಯಾರಿಗೂ ಬಾಡಿಗೆ ಕೊಡಲ್ಲ," ಎಂದಳು ಅಮ್ಮ. ಕಾಗೆ ರೆಕ್ಕೆ ಕೆದಕಿಕೊಂಡಿತು.

ಎಲ್ಲರೂ ಅಜ್ಜಿಯನ್ನು ನೋಡಿದರು. ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕಾಗೆಗಳನ್ನೇ ದಿಟ್ಟಿಸುತ್ತಿದ್ದಳು, ಮಾತು ಕೊಡಲಿಲ್ಲ. ಆಗ ನನಗೆ ಹೊಳೆದದ್ದನ್ನು ನಾನು ಹೇಳಿಬಿಟ್ಟೆ. ಯಾರೂ ನನ್ನನ್ನು ಕೇಳಿರಲಿಲ್ಲ.

"ಚಿಕ್ಕಪ್ಪಾ, ಹೊಸ ಕಾರು ನಾನು ಓಡಿಸ್ತೀನಿ. ಪ್ರಾಮಿಸ್."

ಒಂದು ಕಾಗೆ ಟ್ಯಾಂಕಿನಿಂದ ಇಳಿಯಿತು. ಕುಪ್ಪಳಿಸಿಕೊಂಡು ಎಲೆಯ ಹತ್ತಿರ ಬಂದು ಪಿಂಡಕ್ಕೆ ಕೊಕ್ಕು ಹಾಕಿತು. ಹಿಂದಿನಿಂದ ಯಾರೋ ಅಯ್ಯೋ ಎಂದು ಅತ್ತರು. ಅಜ್ಜಿ ತಿರುಗಿ ನನ್ನನ್ನು ನೋಡಿದಳು. ಆ ನೋಟವನ್ನು ನಾನು ಮೆಚ್ಚುಗೆ ಎಂದುಕೊಂಡೆ. ನಾಲ್ಕನೆಯ ಕ್ಲಾಸಿನ ಹುಡುಗಿಗೆ ಅಷ್ಟೇ ತಿಳಿಯುವುದು.

ಅಂದಿನಿಂದ ಕಾರು ಓಡಿಸುವುದು ನಮ್ಮ ಮನೆಯಲ್ಲಿ ಆಟವಾಗಿ ಉಳಿಯಲಿಲ್ಲ, ಹರಕೆಯಾಯಿತು. ವರ್ಷಾಬ್ದಿಕ ಬರುವುದರೊಳಗೆ ಅದು ಓಡಬೇಕು, ಇಲ್ಲದಿದ್ದರೆ ಅಂದು ಕಾಗೆ ಬರುವುದಿಲ್ಲ ಎಂದು ಯಾರು ಮೊದಲು ಹೇಳಿದರೋ ಗೊತ್ತಿಲ್ಲ, ಎಲ್ಲರೂ ನಂಬಿದರು. ದೇವರಿಗೆ ದಿನಾ ದೀಪ ಹಚ್ಚದ ಅಪ್ಪನೂ ನಂಬಿದ. ಆದರೆ ಕಟ್ಟುವುದು ಯಾರು? ಆಗ ಬಂದವರು ಮಲ್ಲಿಕಾರ್ಜುನ, ಚಿಕ್ಕಪ್ಪನ ಭಾನುವಾರದ ಗೆಳೆಯ. ಗದಗದ ಕಡೆಯವರು, ಬಿಟಿಎಂನಲ್ಲಿ ರೂಮು ಮಾಡಿಕೊಂಡು ಯಾವುದೋ ಆಫೀಸಿನಲ್ಲಿ ದುಡಿಯುತ್ತಿದ್ದರು. ಮೊದಲ ದಿನ ಬಾಗಿಲಲ್ಲೇ ನಿಂತು ಚಪ್ಪಲಿ ಬಿಡಲೋ ಬೇಡವೋ ಎಂದು ಒದ್ದಾಡಿದರು. ಚಿಕ್ಕಪ್ಪನ ಕೋಣೆಗೆ ಬಂದು ಮೇಜು ನೋಡಿದವರೇ ಗೋಡೆಯ ಕಡೆ ಮುಖ ಮಾಡಿ ಸುಮಾರು ಹೊತ್ತು ನಿಂತರು. ಆಮೇಲೆ ನನ್ನ ಕಡೆ ತಿರುಗಿದರು.

"ತಂಗಿ, ನಾ ಬರೇ ಹೇಳಾಂವ. ಮಾಡಾಕಿ ನೀನ. ಮಾತು ಕೊಟ್ಟಾಕಿ ನೀ ಅಲ್ಲೇನು?"

ಹೀಗೆ ನನ್ನ ವಿದ್ಯೆ ಶುರುವಾಯಿತು. ಮಲ್ಲಣ್ಣ ಬಿಡುವಾದ ಭಾನುವಾರ ಬರುತ್ತಿದ್ದರು. ಅಮ್ಮ ಉಪ್ಪಿಟ್ಟು ಕೊಟ್ಟರೆ "ಸಾಕ್ರೀ ವೈನಿ" ಎನ್ನುತ್ತಲೇ ಎರಡನೆಯ ತಟ್ಟೆಗೆ ಕೈ ಚಾಚುತ್ತಿದ್ದರು. ಮುಂದಿನ ಚಕ್ರಗಳನ್ನು ತಿರುಗಿಸುವುದು ಒಂದು ಪುಟ್ಟ ಪೆಟ್ಟಿಗೆ, ಅದರ ಹೆಸರು ಸರ್ವೋ. ಟ್ರಾನ್ಸ್‌ಮಿಟರಿನ ಮಾತು ಕೇಳಿಸಿಕೊಳ್ಳುವುದು ಒಳಗಿನ ರೇಡಿಯೋ, ಅದಕ್ಕೆ ಬೇರೆಯೇ ನಾಲ್ಕು ಪೆನ್‌ಸೆಲ್ಲು. ಗಾಡಿಯನ್ನು ಮುಂದಕ್ಕೆ ನೂಕುವುದು ಮಾತ್ರ ಮೋಟಾರು. ಅದಕ್ಕೆ ದೊಡ್ಡ ಬ್ಯಾಟರಿ. ಮೋಟಾರನ್ನು ಕೊನೆಗೆ ಕೂರಿಸೋಣ ಎಂದು ಅದನ್ನು ಪೊಟ್ಟಣದಲ್ಲೇ ಬಿಟ್ಟು ಮೊದಲು ರೇಡಿಯೋ, ಸರ್ವೋ ಜೋಡಿಸಿದೆವು. ನಾನು ಟ್ರಾನ್ಸ್‌ಮಿಟರಿನ ಚಕ್ರ ತಿರುಗಿಸಿದರೆ ಕಾರಿನ ಚಕ್ರಗಳು ಎಡಕ್ಕೆ, ಬಲಕ್ಕೆ ಹೊರಳಿದವು. ಬಣ್ಣವಿಲ್ಲದ ಕವಚದೊಳಗೆ ಎಲ್ಲವೂ ಕಾಣುತ್ತಿತ್ತು, ಇದ್ದೂ ಇಲ್ಲದ ಹಾಗಿತ್ತು ಆ ಕಾರು.

ಅದಾದ ಕೆಲವು ದಿನಕ್ಕೆ ಮಧ್ಯಾಹ್ನ ಸ್ಕೂಲಿನಿಂದ ಬಂದು ಚಿಕ್ಕಪ್ಪನ ಕೋಣೆಗೆ ಹೋದೆ. ಹಿಂದಿನ ಸಂಜೆ ಗಾಡಿಯ ಗುಂಡಿಯನ್ನು ಆರಿಸಲು ನಾನು ಮರೆತಿದ್ದೆ. ಟ್ರಾನ್ಸ್‌ಮಿಟರು ಬೀರುವಿನಲ್ಲಿತ್ತು. ಕೋಣೆಯಲ್ಲಿ ಯಾರೂ ಇರಲಿಲ್ಲ. ನಾನು ನೋಡುತ್ತಿದ್ದಂತೆ ಮೇಜಿನ ಮೇಲಿನ ಕಾರು ಗಿರ್ ಎಂದು ಮುಂದಿನ ಚಕ್ರಗಳನ್ನು ಎಡಕ್ಕೆ ತಿರುಗಿಸಿತು. ನಿಂತಿತು. ಆಮೇಲೆ ನಿಧಾನವಾಗಿ ಬಲಕ್ಕೆ, ನನ್ನ ಕಡೆಗೆ ತಿರುಗಿತು. ಹೆದರಿ ಅಡುಗೆಮನೆಗೆ ಓಡಿದೆನಾದರೂ ಬಾಗಿಲು ದಾಟುವ ಮೊದಲು ನಾನು ಒಂದು ಮಾತು ಆಡಿದ್ದು ನೆನಪಿದೆ. "ಚಿಕ್ಕಪ್ಪಾ?" ಎಂದು ಕರೆದಿದ್ದೆ.

ಮುಂದಿನ ಸಲ ಬಂದ ಮಲ್ಲಣ್ಣ ಎಲ್ಲ ಕೇಳಿ, ಓಣಿಗೆ ಹೋಗಿ ಸಂಪಿನ ಸ್ವಿಚ್ಚು ಹಾಕಿ ಬಾ ಎಂದರು. ಹಾಕಿ ಬಂದೆ. ಚಕ್ರಗಳು ಮತ್ತೆ ಹೊರಳಾಡಿದವು.

"ನೋಡು, ದೆವ್ವ ಗಿವ್ವ ಏನೂ ಇಲ್ಲ. ಗ್ವಾಡಿ ಆಚೆ ಮೋಟಾರ್ ಶುರು ಆದಾಗ ಕಿಡಿ ಹಾರತಾವ. ಆ ಗದ್ದಲ ಈ ರೇಡಿಯೋಕ್ಕ ಕೇಳಸ್ತೈತಿ. ಕೈಯಾಗಿಂದು ಚಾಲೂ ಇದ್ರ ಅದರ ಮಾತು ಕೇಳತೈತಿ. ತನ್ನವರು ಮಾತಾಡಲಿಲ್ಲಂದ್ರ ಪಾಪ, ಯಾರ ಮಾತು ಕೇಳಿದ್ರೂ ಹೊಳ್ಳಿ ನೋಡತೈತಿ."

ಹೊಸ್ತಿಲಲ್ಲಿ ಅಜ್ಜಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ಅವಳ ಕೈ ನಿಂತಿತ್ತು. ಕಣ್ಣು ಆ ಚಕ್ರಗಳ ಮೇಲಿತ್ತು. ಕಾಳೊಂದು ಉರುಳಿಕೊಂಡು ಬಂದು ನನ್ನ ಕಾಲಿಗೆ ತಗಲಿತು, ನಾನು ಹೆಕ್ಕಿಕೊಟ್ಟೆ.

ಆ ಚಳಿಗಾಲದಲ್ಲೇ ನಮ್ಮ ಮನೆಗೆ ಗ್ರಹಚಾರ ಹಿಡಿದದ್ದು. ಮೊದಲು ಟಿವಿ ರಿಮೋಟು ಸತ್ತಿತು. ಬಿಚ್ಚಿ ನೋಡಿದರೆ ಒಳಗೆ ಸೆಲ್ಲೇ ಇಲ್ಲ. ಹೊಸದು ಹಾಕಿದರೆ ವಾರದಲ್ಲಿ ಅದೂ ಮಾಯ. ನಡುಮನೆಯ ಗಡಿಯಾರ ಒಂದು ಬೆಳಿಗ್ಗೆ ನಿಂತೇ ಹೋಯಿತು. ಇವೆಲ್ಲಕ್ಕಿಂತ ದೊಡ್ಡದು ನೀರು. ಯಾರೂ ಸ್ವಿಚ್ಚು ಹಾಕದೆ ಟ್ಯಾಂಕು ತುಂಬಿ ಸುರಿಯತೊಡಗಿತು. ಅಪ್ಪ ಆಫೀಸಿನಲ್ಲಿ, ನಾನು ಸ್ಕೂಲಿನಲ್ಲಿ, ಅಮ್ಮ ತಿಲಕ್ ನಗರದ ಮಾರುಕಟ್ಟೆಗೆ ಹೋಗಿ ಸೊಪ್ಪು ಹಿಡಿದು ಬರುವಷ್ಟರಲ್ಲಿ ತಾರಸಿಯಿಂದ ಜಲಪಾತ. ಸಂಜೆ ಅಪ್ಪ ಬಂದ ಕೂಡಲೇ ವಿಚಾರಣೆ.

"ಬೆಳಿಗ್ಗೆ ನೀವು ಹಾಕಿದ್ದನ್ನ ಆರ್ಸಿಲ್ಲ."

"ನಾನು ಹಾಕೇ ಇಲ್ಲ ಕಣೇ! ದೇವರಾಣೆ."

"ಹಾಗಾದ್ರೆ ಯಾರು ಹಾಕಿದ್ದು? ಗೋಡೇನಾ?"

ಈ ಕೊನೆಯ ಪ್ರಶ್ನೆ ಬಂದಾಗ ಎಲ್ಲರೂ ಸುಮ್ಮನಾಗುತ್ತಿದ್ದೆವು. ಯಾಕೆಂದರೆ ಆ ಗೋಡೆಯ ಈಚೆ ಯಾರ ಕೋಣೆ ಎಂದು ಎಲ್ಲರಿಗೂ ಗೊತ್ತಿತ್ತು. ಅಮ್ಮ ಶಾಂತಿ ಮಾಡಿಸಬೇಕು ಎಂದಳು. ಅಪ್ಪ ವೈರಿಂಗ್ ಮಾಡಿಸಬೇಕು ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಯಾರೂ ಕಾಣಲಿಲ್ಲ. ಅಜ್ಜಿ ಜಪಮಣಿ ಎಣಿಸುತ್ತಾ ಕೂತಿರುತ್ತಿದ್ದಳು. ನಾನು ಹೆದರಿದ್ದೆನೇ ಎಂದರೆ ಹೌದು, ಹೆದರಿದ್ದೆ. ಆದರೆ ಆ ಹೆದರಿಕೆ ನನಗೆ ಇಷ್ಟವಾಗಿತ್ತು. ಮನೆಯಲ್ಲಿ ಏನಾದರೂ ಕಳೆದಾಗ, ನೀರು ಸುರಿದಾಗ, ಚಿಕ್ಕಪ್ಪ ಇನ್ನೂ ಎಲ್ಲೋ ಇಲ್ಲೇ ಓಡಾಡುತ್ತಿದ್ದಾನೆ, ಕಾಲು ತೊಳೆಯದೆ ಒಳಗೆ ಬಂದಿದ್ದಾನೆ ಎನ್ನಿಸುತ್ತಿತ್ತು. ಅಮ್ಮ ಶಾಂತಿಯ ಮಾತೆತ್ತಿದಾಗಲೆಲ್ಲ ನನಗೆ ಅಳು ಬರುತ್ತಿತ್ತು.

ಸಂಕ್ರಾಂತಿ ಕಳೆದ ಮೇಲೆ ಮೋಟಾರಿನ ಸರದಿ. ಹೆಬ್ಬೆರಳಿಗಿಂತ ಕೊಂಚ ಉದ್ದದ ಬೆಳ್ಳಿ ಬಣ್ಣದ ಡಬ್ಬಿ, ಎರಡು ತಂತಿ. ಒಳಗೆ ಗೋಡೆಗಂಟಿಕೊಂಡ ಎರಡು ಅಯಸ್ಕಾಂತ, ನಡುವೆ ತಾಮ್ರದ ತಂತಿ ಸುತ್ತಿದ ತಿರುಗಣೆ. ತಿರುಗಣೆಗೆ ಕರೆಂಟು ಮುಟ್ಟಿಸಲು ಎರಡು ಇದ್ದಿಲ ತುಂಡುಗಳು ಅದನ್ನು ಉಜ್ಜಿಕೊಂಡೇ ಇರುತ್ತವೆ. ಹೊಸ ಇದ್ದಿಲು ಚಪ್ಪಟೆ, ತಿರುಗಣೆಯ ಕಂಠ ಗುಂಡು. ಎರಡೂ ಸರಿಯಾಗಿ ಕೂರುವುದಿಲ್ಲ. ಮೊದಲ ದಿನವೇ ಜೋರಾಗಿ ಓಡಿಸಿದರೆ ಮೋಟಾರು ಹಾಳು. ಕಡಿಮೆ ಕರೆಂಟಿನಲ್ಲಿ, ನೀರಿನೊಳಗೆ ಮುಳುಗಿಸಿ, ಮೆಲ್ಲಗೆ ಓಡಿಸಿ ಸವೆಸಬೇಕು. ಸವೆದ ಮೇಲೆ ಹೊಂದಿಕೊಳ್ಳುತ್ತವೆ. ಹೊಸ ಸೊಸೆ ಬಂದ ಹಾಗೆ ಎಂದು ಅಮ್ಮ ಅಜ್ಜಿಯ ಕಡೆ ನೋಡದೆ ಹೇಳಿದಳು. ಚಿಕ್ಕಪ್ಪ ಬಾದಾಮಿ ಹಾಲು ಕುಡಿಯುತ್ತಿದ್ದ ಗಾಜಿನ ಲೋಟವನ್ನು ಅಜ್ಜಿಯೇ ತಂದುಕೊಟ್ಟಳು. ನೀರು ತುಂಬಿಸಿ, ಮೋಟಾರನ್ನು ದಾರದಲ್ಲಿ ಇಳಿಬಿಟ್ಟು, ತಂತಿಗಳನ್ನು ಎರಡು ಸೆಲ್ಲಿಗೆ ಮುಟ್ಟಿಸಿದೆ. ನೀರು ಸುಳಿಯೆದ್ದಿತು. ತಳದಿಂದ ಕಪ್ಪು ಹೊಗೆಯಂತೆ ಏನೋ ಏರಿ, ನೋಡುತ್ತಿದ್ದಂತೆ ಲೋಟವೆಲ್ಲ ಕಾಡಿಗೆಯಾಯಿತು. ಒಳಗಿನಿಂದ ಸಣ್ಣ ಗುಂಯ್ ಸದ್ದು ಬರುತ್ತಿತ್ತು. ಆ ಕೋಣೆಯಲ್ಲಿ ಭಾನುವಾರದ ಹಿಂದಿನ ದಿನ ಯಾವಾಗಲೂ ಕೇಳುತ್ತಿದ್ದ ಸದ್ದು. ನನಗೆ ಖುಷಿಯಿಂದ ಮೈ ಜುಮ್ಮೆಂದಿತು.

"ಜೀವ ಬಂತು ನೋಡ್ರಿ ಅಮ್ಮಾರ," ಎಂದರು ಮಲ್ಲಣ್ಣ. "ಒಣಗಿಸಿ, ಒಂದು ಹನಿ ಎಣ್ಣಿ ಬಿಟ್ಟು, ಮುಂದಿನ ವಾರ ಕೂಡಿಸಿಬಿಟ್ರ ಓಡತೈತಿ."

ಅಜ್ಜಿ ಲೋಟವನ್ನು ಕೈಗೆತ್ತಿಕೊಂಡು ಆ ಕಪ್ಪು ನೀರನ್ನು ನೋಡಿದಳು. "ಓಡಿದ್ರೆ ಮುಗೀತಾ?" ಎಂದು ಕೇಳಿದಳು.

"ಮುಗೀತ್ರೀ."

ಮೋಟಾರನ್ನು ಕಿಟಕಿಯಲ್ಲಿ ಬಟ್ಟೆಯ ಮೇಲೆ ಒಣಗಲಿಟ್ಟೆ. ಮರುದಿನ ಬೆಳಿಗ್ಗೆ ಬಟ್ಟೆ ಇತ್ತು, ಮೋಟಾರು ಇರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮನೆಯೆಲ್ಲ ತಡಕಿದೆವು. ಹೆಗ್ಗಣ ಒಯ್ದಿರಬೇಕೆಂದು ಅಪ್ಪ ಸಂಪಿನ ಸುತ್ತ ಟಾರ್ಚು ಹಿಡಿದು ಬಗ್ಗಿ ನೋಡಿದ. ಮಲ್ಲಣ್ಣ ಬೇರೆ ಮೋಟಾರು ತಂದುಕೊಡುತ್ತೇನೆ ಎಂದಾಗ ಅಜ್ಜಿ ಒಪ್ಪಲಿಲ್ಲ.

"ಬೇಡಪ್ಪ. ಮಾತು ಕೊಟ್ಟಿರೋದು ಅವನ ಕಾರಿಗೆ. ಅವನು ತರಿಸಿದ್ದೇ ಆಗ್ಬೇಕು."

ಶಿವರಾತ್ರಿ ಬಂತು, ಹೋಯಿತು. ನನ್ನ ಪರೀಕ್ಷೆಯೂ ಮುಗಿಯಿತು. ವರ್ಷಾಬ್ದಿಕ ಹತ್ತಿರವಾದಂತೆ ಅಪ್ಪ ಊಟದ ನಡುವೆ ಸುಮ್ಮನೆ ಕೂತುಬಿಡುತ್ತಿದ್ದ. ಕಾಗೆ ಇಳಿಯದೆ ಹೋದರೆ ತಾನೇನು ಮಾಡಬೇಕು, ತಮ್ಮನಿಗೆ ಇನ್ನೇನು ಹೇಳಬೇಕು ಎಂದು ಅಮ್ಮನನ್ನು ಕೇಳುತ್ತಿದ್ದ. ಇಂಥದೊಂದು ಮಧ್ಯಾಹ್ನ ಅಜ್ಜಿ ಮಲಗಿದ್ದಾಗ ನನ್ನ ಲಂಗದ ಕೊಕ್ಕೆ ಕಿತ್ತುಹೋಯಿತು. ಪಿನ್ನು ಬೇಕೆಂದು ಅವಳ ಗೂಡಿನಿಂದ ಸೂಜಿದಾರದ ಡಬ್ಬ ತೆಗೆದೆ. ಯಾವಾಗಲೂ ಜಣಜಣ ಎನ್ನುವ ಡಬ್ಬ ಅಂದು ಅಲ್ಲಾಡಿಸಿದರೂ ಸದ್ದು ಮಾಡಲಿಲ್ಲ. ತೆರೆದರೆ ಸೂಜಿ, ಗುಂಡುಪಿನ್ನು, ಸೇಫ್ಟಿ ಪಿನ್ನು ಎಲ್ಲವೂ ಒಂದೇ ಕಡೆ ಮುದ್ದೆಯಾಗಿ ಏನನ್ನೋ ಕಚ್ಚಿಕೊಂಡು ಕೂತಿದ್ದವು. ಬಿಡಿಸಿದೆ. ಒಳಗೆ ಬೆಳ್ಳಿ ಬಣ್ಣದ ಮೋಟಾರು. ಒಣಗಿತ್ತು, ಎಣ್ಣೆಯನ್ನೂ ಬಿಟ್ಟಿದ್ದರು.

ತಲೆಯೆತ್ತಿದರೆ ಅಜ್ಜಿ ಎದ್ದು ಕೂತಿದ್ದಳು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಎದ್ದು ನನ್ನ ಕೈ ಹಿಡಿದು ಚಿಕ್ಕಪ್ಪನ ಕೋಣೆಗೆ ಕರೆದುಕೊಂಡು ಹೋದಳು. ಕಾರಿನ ಮುಂದೆ ನನ್ನನ್ನು ನಿಲ್ಲಿಸಿ, ಕವಚ ಎತ್ತಿ, ತಳದ ಗುಂಡಿಯನ್ನು ತಾನೇ ಒತ್ತಿದಳು. ಟಿವಿ ಮುಂದೆ ರಿಮೋಟು ಹಿಡಿಯಲು ಬಾರದ ನಮ್ಮ ಅಜ್ಜಿ. ಒಳಗೆ ನಾಲ್ಕು ಸೆಲ್ಲು ಇದ್ದವು, ಒಂದೊಂದು ಒಂದೊಂದು ಬಣ್ಣದವು, ಅವುಗಳಲ್ಲಿ ಒಂದು ನಮ್ಮ ಗಡಿಯಾರದ್ದು.

"ಇಲ್ಲೇ ಇರು," ಎಂದು ಹೇಳಿ ಓಣಿಗೆ ಹೋದಳು. ಗೋಡೆಯಾಚೆ ಸಂಪಿನ ಮೋಟಾರು ಗುರ್ ಎಂದಿತು. ಕಾರಿನ ಚಕ್ರಗಳು ಎಡಕ್ಕೆ ತಿರುಗಿದವು, ತಡವರಿಸಿ ಬಲಕ್ಕೆ ತಿರುಗಿದವು. ಅಜ್ಜಿ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದು ಕುರ್ಚಿಯಲ್ಲಿ ಕೂತಳು. ಆ ಕುರ್ಚಿಯ ದಿಂಬು ಅವಳ ಅಳತೆಗೆ ತಗ್ಗಾಗಿತ್ತು.

"ಅಜ್ಜಿ, ಅದು ಚಿಕ್ಕಪ್ಪ ಅಲ್ಲ. ಮಲ್ಲಣ್ಣ ಹೇಳಿದ್ರಲ್ಲ, ಕಿಡಿ..."

"ಗೊತ್ತು ಕಣೇ. ನಾನೇನು ದಡ್ಡೀನಾ? ಅವತ್ತು ಕೇಳಿಸ್ಕೊಂಡೇ ಇದನ್ನ ಕಲ್ತಿದ್ದು." ಅವಳ ಕಣ್ಣು ಚಕ್ರಗಳಿಂದ ಕದಲಲಿಲ್ಲ. "ಗೊತ್ತಿದ್ರೆ ಏನಾಯ್ತು. ತಿರುಗಿ ನೋಡುತ್ತಲ್ಲ. ನಾನು ಹೋಗಿ ಕರೆದ್ರೆ ತಿರುಗಿ ನೋಡುತ್ತೆ. ಅವನು ಜ್ವರದಲ್ಲಿ ಮಲಗಿದ್ದಾಗ ಎಷ್ಟು ಕರೆದೆ, ತಿರುಗಲಿಲ್ಲ."

ಅಜ್ಜಿಯ ಮೊಣಕಾಲಿಗೆ ಒರಗಿ ನಿಂತೆ.

"ಅವತ್ತು ತಾರಸಿ ಮೇಲೆ ನಾನು ಯಾಕೆ ಮಾತು ಕೊಡ್ಲಿಲ್ಲ ಹೇಳು? ಕಾಗೆ ಮುಟ್ಟೋದು ಬೇಡ ಅಂತ ಬೇಡ್ಕೋತಿದ್ದೆ. ಮುಟ್ಟಿದ್ರೆ ಹೊರಟುಹೋಗ್ತಾನಲ್ಲ. ಅಷ್ಟರಲ್ಲಿ ನೀನು ಬಾಯಿ ಹಾಕ್ಬಿಟ್ಟೆ."

"ಓಡಿಸೋದು ಬೇಡ ಬಿಡಜ್ಜಿ," ಎಂದೆ. "ನಾನೂ ಯಾರಿಗೂ ಹೇಳಲ್ಲ. ಡಬ್ಬದಲ್ಲೇ ಇಡೋಣ." ಅದು ಅವಳಿಗಾಗಿ ಆಡಿದ ಮಾತು ಮಾತ್ರವಲ್ಲ. ಅವನು ಹೋಗುವುದು ನನಗೂ ಬೇಡವಾಗಿತ್ತು.

ಅಜ್ಜಿ ನನ್ನ ತಲೆ ನೇವರಿಸಿದಳು. ಮೇಲೆ ಟ್ಯಾಂಕು ತುಂಬಿ ನೀರು ಸುರಿಯಲು ಶುರುವಾಯಿತು. ಅಡುಗೆಮನೆಯಿಂದ ಅಮ್ಮ ಕೂಗಿದಳು. ಕಾರು ಇನ್ನೂ ಹೊರಳಾಡುತ್ತಲೇ ಇತ್ತು, ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ.

"ನೋಡು ಅದನ್ನ," ಎಂದಳು ಅಜ್ಜಿ. "ಎಡಕ್ಕೆ ತಿರುಗ್ತಾನೆ, ಬಲಕ್ಕೆ ತಿರುಗ್ತಾನೆ. ದಾರಿ ಗೊತ್ತು, ಮುಂದಕ್ಕೆ ಹೋಗಕ್ಕಾಗಲ್ಲ. ಮೋಟಾರು ಎತ್ತಿ ನನ್ನ ಗೂಡಲ್ಲಿ ಇಟ್ಕೊಂಡಿದ್ದೀನಲ್ಲ, ಹೆಂಗೆ ಹೋಗ್ತಾನೆ? ದಿನಾ ನೋಡ್ತೀನಿ. ಇನ್ನು ನೋಡಕ್ಕಾಗಲ್ಲ ವಿನು ನನ್ನ ಕೈಲಿ."

ಅವಳು ನನ್ನ ಅಂಗೈಯಿಂದ ಮೋಟಾರು ತೆಗೆದುಕೊಂಡು, ಅದಕ್ಕಿನ್ನೂ ಅಂಟಿದ್ದ ಒಂದು ಗುಂಡುಪಿನ್ನನ್ನು ಕಿತ್ತು, ಸೆರಗಿನಲ್ಲಿ ಒರೆಸಿ ಮತ್ತೆ ನನ್ನ ಕೈಗಿಟ್ಟಳು.

"ಹಾಕಮ್ಮ. ಅವನನ್ನ ಕಳಿಸೋಣ."

ಓಡಿಸಿದ್ದು ವರ್ಷಾಬ್ದಿಕದ ಹಿಂದಿನ ದಿನ ಬೆಳಿಗ್ಗೆ, ನಮ್ಮ ಮನೆಯ ಮುಂದಿನ ರಸ್ತೆಯಲ್ಲೇ. ಮೋಟಾರು ಎಲ್ಲಿ ಸಿಕ್ಕಿತೆಂದು ಅಪ್ಪ ಕೇಳಿದ. ಡಬ್ಬದಲ್ಲಿ ಎಂದೆ. ಯಾರು ಇಟ್ಟರೆಂದು ಅಪ್ಪ ಕೇಳಲಿಲ್ಲ. ಅಮ್ಮ ಅಜ್ಜಿಗೆ ಇನ್ನೊಂದು ಲೋಟ ಕಾಫಿ ತಂದುಕೊಟ್ಟಳು, ಅಷ್ಟೇ. ಹೊಂಗೆಮರಗಳು ಹೂ ಉದುರಿಸುವ ಕಾಲ, ರಸ್ತೆಯ ತುಂಬ ಮಂಡಕ್ಕಿ ಚೆಲ್ಲಿದ ಹಾಗಿತ್ತು. ಕವಚಕ್ಕೆ ಬಣ್ಣ ಹಚ್ಚಲಿಲ್ಲ. ಆ ಜಗಳ ಅವನೊಬ್ಬನ ಜೊತೆ ಆಡುವಂಥದ್ದು. ಅಜ್ಜಿಗೆ ಗೇಟಿನ ಹತ್ತಿರ ಕುರ್ಚಿ ಹಾಕಿದೆವು. ನಾನು ಮೊದಲು ಕೈಯಲ್ಲಿದ್ದುದನ್ನು ಆನ್ ಮಾಡಿದೆ, ಕೆಂಪು ದೀಪ ಹತ್ತಿತು. ಆಮೇಲೆ ಗಾಡಿ. ಚಕ್ರಗಳು ಒಮ್ಮೆ ನಡುಗಿ ನೆಟ್ಟಗಾದವು, ಮತ್ತೆ ಹೊರಳಾಡಲಿಲ್ಲ.

"ಮೆಲ್ಲಕ ಒತ್ತು ತಂಗಿ," ಎಂದರು ಮಲ್ಲಣ್ಣ.

ಒತ್ತಿದೆ. ಕಾರು ಹೊರಟಿತು. ಹೂವನ್ನು ಎರಡು ಬದಿಗೂ ಚಿಮ್ಮಿಸುತ್ತಾ, ನನ್ನ ಕೈ ಹಿಡಿತಕ್ಕೆ ಸಿಗದ ವೇಗದಲ್ಲಿ ರಸ್ತೆಯ ತುದಿಯವರೆಗೂ ಹೋಯಿತು. ತಿಳಿ ಕವಚ ಬಿಸಿಲಲ್ಲಿ ಕಾಣಲೇ ಇಲ್ಲ, ಹೂವು ತಾನೇ ಎದ್ದು ದಾರಿ ಬಿಡುತ್ತಿರುವಂತೆ ಕಂಡಿತು. ಅಪ್ಪ ಹುಡುಗನ ಹಾಗೆ ಅದರ ಹಿಂದೆ ಓಡಿದ, ಪಂಚೆ ಎತ್ತಿಕಟ್ಟಿಕೊಂಡು, ಜೋರಾಗಿ ಅಳುತ್ತಾ. ನಾನು ತಿರುಗಿಸಿ ವಾಪಸು ತಂದೆ, ಮತ್ತೆ ಕಳಿಸಿದೆ. ಬ್ಯಾಟರಿ ಸೋತು ಕಾರು ಅಜ್ಜಿಯ ಕಾಲ ಹತ್ತಿರ ಬಂದು ನಿಂತಿತು. ಅಜ್ಜಿ ಬಗ್ಗಿ ಕವಚ ಎತ್ತಿ ತಾನೇ ಗಾಡಿಯ ಗುಂಡಿ ಆರಿಸಿದಳು. ಆಮೇಲೆ ನನ್ನ ಕೈಯಿಂದ ಟ್ರಾನ್ಸ್‌ಮಿಟರನ್ನು ಕೇಳಿ ತೆಗೆದುಕೊಂಡಳು. ಅದರ ಕೆಂಪು ದೀಪ ಇನ್ನೂ ಉರಿಯುತ್ತಿತ್ತು.

ಮರುದಿನ ನಮ್ಮ ಮನೆಯ ತಾರಸಿಯ ಮೇಲೆ ಅಪ್ಪ ಎಲೆ ಹಾಸುತ್ತಿದ್ದಂತೆಯೇ ಕಾಗೆ ಬಂತು. ಕರೆಯಬೇಕಾಗಲಿಲ್ಲ, ಮಾತು ಕೊಡಬೇಕಾಗಲಿಲ್ಲ. ತಿಂದು ಹಾರಿಹೋಯಿತು. ಎಲ್ಲರೂ ಕೈಮುಗಿದರು, ಅಮ್ಮ ಕಣ್ಣೊರೆಸಿಕೊಂಡು ಪಾಯಸ ಬಡಿಸಲು ಇಳಿದಳು. ಅಜ್ಜಿ ಕಾಣಲಿಲ್ಲ. ಹುಡುಕಿಕೊಂಡು ಹೋದರೆ ಚಿಕ್ಕಪ್ಪನ ಕೋಣೆಯಲ್ಲಿ ಆ ಕುರ್ಚಿಯ ಮೇಲೆ ಕೂತಿದ್ದಳು. ಕಾರು ಮೇಜಿನ ಮೇಲೆ ಅಲ್ಲಾಡದೆ ನಿಂತಿತ್ತು. ಅವಳ ಮಡಿಲಲ್ಲಿ ಟ್ರಾನ್ಸ್‌ಮಿಟರು, ದೀಪ ಮಂಕಾಗಿ ಉರಿಯುತ್ತಿತ್ತು. ನಿನ್ನೆಯಿಂದ ಆರಿಸಿರಲಿಲ್ಲ.

"ಅಜ್ಜಿ, ಆಫ್ ಮಾಡ್ಬೇಕು. ಸೆಲ್ ಹೋಗುತ್ತೆ."

"ಕೈಯಲ್ಲಿರೋದು ಕೊನೇಲಿ ತಾನೇ?"

"ಹೂಂ. ಆದ್ರೆ ಗಾಡಿ ಆಗ್ಲೇ ಆಫ್ ಆಗಿದೆಯಲ್ಲ."

"ಗೊತ್ತು," ಎಂದಳು ಅಜ್ಜಿ, ದೀಪದ ಮೇಲೆ ಹೆಬ್ಬೆರಳಿಟ್ಟುಕೊಂಡು. "ಅದರ ಪಾಡಿಗೆ ಅದು ಆರಲಿ ಬಿಡು. ನಾನು ಆರಿಸಲ್ಲ."